ಮೀಟರು ಅವರ ಬಳಿ, ಲೆಕ್ಕ ನಮ್ಮ ಬಳಿ

ನಿಮ್ಮ ಮನೆಯ ಅಡುಗೆಮನೆಯ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ತೂಗುಹಾಕಿರಬಹುದು. ಅದರ ತಾರೀಖಿನ ಚೌಕಗಳಲ್ಲಿ ಹಾಲಿನ ಲೆಕ್ಕ ಬರೆಯುವ ರೂಢಿ ಅನೇಕ ಮನೆಗಳಲ್ಲಿ ಇಂದಿಗೂ ಇದೆ. ಹಾಲು ಬಂದ ದಿನ ಒಂದು ಗುರುತು, ಹೆಚ್ಚಿಗೆ ಅರ್ಧ ಲೀಟರ್ ತೆಗೆದುಕೊಂಡ ದಿನ ಇನ್ನೊಂದು ಗುರುತು, ಊರಿಗೆ ಹೋದ ದಿನ ಒಂದು ಅಡ್ಡಗೆರೆ. ತಿಂಗಳ ಕೊನೆಗೆ ಹಾಲಿನವರು ಹಣ ಕೇಳಿದಾಗ ಅಮ್ಮ ಆ ಗುರುತುಗಳನ್ನು ಎಣಿಸಿ, ಎರಡೂ ಲೆಕ್ಕ ತಾಳೆಯಾದರೆ ಮಾತ್ರ ಹಣ ಕೊಡುತ್ತಾರೆ. ಇದರಲ್ಲಿ ಜಗಳವೂ ಇಲ್ಲ, ಅಪನಂಬಿಕೆಯೂ ಇಲ್ಲ. ಇದು ವ್ಯವಹಾರದ ಒಂದು ಕ್ರಮ.

ಈಗ ಯೋಚಿಸಿ. ಮನೆಯ ನಾಲ್ಕು ಜನರ ಮೊಬೈಲಿಗೆ ತಿಂಗಳಿಗೆ ಎಷ್ಟು ಹಣ ಹೋಗುತ್ತದೆ? ಅದನ್ನು ಯಾರಾದರೂ ಹೀಗೆ ತಾಳೆ ನೋಡುತ್ತಾರೆಯೇ? ಬಹಳಷ್ಟು ಮನೆಗಳಲ್ಲಿ ಉತ್ತರ 'ಇಲ್ಲ' ಎಂದೇ. ಹಾಲಿನ ಲೆಕ್ಕದಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಬಂದರೆ ಕೇಳುವ ನಾವು, ಮೊಬೈಲಿನಿಂದ ಮೂವತ್ತು ರೂಪಾಯಿ ಮಾಯವಾದರೆ 'ಏನೋ ಕಟ್ ಆಗಿದೆ' ಎಂದು ಸುಮ್ಮನಾಗುತ್ತೇವೆ. ಹೀಗೇಕೆ?

ಕಾಣದ ಮೀಟರು

ಕಾರಣ ಸರಳ. ವಿದ್ಯುತ್ ಮೀಟರು ನಮ್ಮ ಮನೆಯ ಗೋಡೆಯ ಮೇಲಿದೆ, ಆಟೋರಿಕ್ಷಾದ ಮೀಟರು ನಮ್ಮ ಕಣ್ಣೆದುರಿಗೇ ಓಡುತ್ತದೆ. ಒಂದು ಕಾಲದಲ್ಲಿ ಬೀದಿಬೀದಿಗೆ ಇದ್ದ ಎಸ್.ಟಿ.ಡಿ. ಬೂತುಗಳನ್ನು ನೀವು ನೋಡಿರಲಾರಿರಿ, ನಿಮ್ಮ ತಂದೆ ತಾಯಿಯರನ್ನು ಕೇಳಿ. ಗಾಜಿನ ಗೂಡಿನೊಳಗೆ ನಿಂತು ಮಾತನಾಡುವಾಗ ಮೀಟರಿನ ಅಂಕಿಗಳು ಓಡುತ್ತಿದ್ದುವು. ಅವನ್ನು ನೋಡಿಕೊಂಡೇ ಮಾತನ್ನು ಚುಟುಕಾಗಿ ಮುಗಿಸುತ್ತಿದ್ದರು.

ಮೊಬೈಲಿನ ಮೀಟರು ನಿಮ್ಮ ಕೈಯಲ್ಲಿರುವ ಫೋನಿನಲ್ಲಿಲ್ಲ, ಕಂಪನಿಯ ಗಣಕಯಂತ್ರದಲ್ಲಿದೆ. ನೀವು ಕರೆ ಮಾಡಿದಾಗ ಅದು ಹತ್ತಿರದ ಗೋಪುರದ ಮೂಲಕ 'ಸ್ವಿಚ್' ಎಂಬ ವಿನಿಮಯ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಆ ಕರೆಗೆ ಒಂದು ದಾಖಲೆ ಹುಟ್ಟುತ್ತದೆ: ಯಾವ ಸಂಖ್ಯೆಯಿಂದ ಯಾವ ಸಂಖ್ಯೆಗೆ, ಎಷ್ಟು ಗಂಟೆಗೆ, ಎಷ್ಟು ಸೆಕೆಂಡು. ಅಂತರ್ಜಾಲ ಬಳಸಿದರೆ ಎಷ್ಟು ಡೇಟಾ ಎಂಬ ದಾಖಲೆ. ಈ ದಾಖಲೆಗಳು ಇನ್ನೊಂದು ಗಣಕಯಂತ್ರಕ್ಕೆ ಹೋಗುತ್ತವೆ. ಅಲ್ಲಿ ನಿಮ್ಮ ಪ್ಲಾನಿನ ದರಪಟ್ಟಿ ಇರುತ್ತದೆ. ದಾಖಲೆಯನ್ನು ದರದಿಂದ ಗುಣಿಸಿ, ಬೇರೆ ಸೇವೆಗಳ ಹಣ ಸೇರಿಸಿ, ತೆರಿಗೆ ಕೂಡಿಸಿದರೆ ಅದೇ ಬಿಲ್ಲು.

ಹಾಗಾದರೆ ತಪ್ಪು ಮೂರು ಕಡೆ ಆಗಬಹುದು. ಒಂದು, ದಾಖಲೆಯೇ ತಪ್ಪಾಗಿರಬಹುದು. ಎರಡು, ದಾಖಲೆ ಸರಿಯಿದ್ದು ದರ ತಪ್ಪಾಗಿರಬಹುದು. ಉದಾಹರಣೆಗೆ, ನೀವು ಪ್ಲಾನು ಬದಲಾಯಿಸಿದ್ದರೂ ಹಳೆಯ ದರದಲ್ಲೇ ಲೆಕ್ಕ ಹಾಕಿರಬಹುದು. ಮೂರು, ನೀವು ಕೇಳದೇ ಇದ್ದ ಸೇವೆಯೊಂದನ್ನು ಸೇರಿಸಿರಬಹುದು. ಮೊದಲ ಬಗೆಯ ತಪ್ಪನ್ನು ಹಿಡಿಯಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ 'ಟ್ರಾಯ್', 2006ರಲ್ಲಿಯೇ ಮೀಟರಿಂಗ್ ಮತ್ತು ಬಿಲ್ಲಿಂಗ್ ಕುರಿತ ನಿಯಮಾವಳಿ ತಂದು ಲೆಕ್ಕಪರಿಶೋಧನೆಯನ್ನು ಕಡ್ಡಾಯ ಮಾಡಿತು. 2023ರಲ್ಲಿ ಅದರ ಜಾಗಕ್ಕೆ ಹೊಸ ನಿಯಮಾವಳಿ ಬಂದಿದೆ. ಎರಡನೆಯ ಮತ್ತು ಮೂರನೆಯ ಬಗೆಯ ತಪ್ಪುಗಳನ್ನು ನೀವೇ ಮನೆಯಲ್ಲಿ ಕುಳಿತು ಪತ್ತೆ ಹಚ್ಚಬಹುದು. ಅದಕ್ಕೆ ಬೇಕಾದುದು ಒಂದು ಪೆನ್ಸಿಲು, ಹತ್ತು ನಿಮಿಷ.

ಎಲ್ಲ ಅಚ್ಚರಿಯೂ ಅನ್ಯಾಯವಲ್ಲ

ದೂರು ಕೊಡುವ ಮೊದಲು ಒಂದು ಮಾತು. ನಮಗೆ ಅರ್ಥವಾಗದ ಕಡಿತವೆಲ್ಲ ಮೋಸವಲ್ಲ. ಒಂದು ಚಿಕ್ಕ ಲೆಕ್ಕ ಮಾಡೋಣ. ನೀವು 100 ರೂಪಾಯಿ ಟಾಪ್ ಅಪ್ ಹಾಕಿಸುತ್ತೀರಿ. ಖಾತೆಗೆ ಬರುವುದು 81 ರೂಪಾಯಿ 75 ಪೈಸೆ. ಉಳಿದ ಹಣ ಎಲ್ಲಿ ಹೋಯಿತು?

ದೂರಸಂಪರ್ಕ ಸೇವೆಯ ಮೇಲೆ ಜಿ.ಎಸ್.ಟಿ. ಶೇಕಡ 18. 'ಹಾಗಾದರೆ ನೂರಕ್ಕೆ ಹದಿನೆಂಟು' ಎಂದು ಬಿಡಬೇಡಿ. ನೀವು ಕೊಟ್ಟ ನೂರರಲ್ಲಿ ತೆರಿಗೆಯೂ ಸೇರಿದೆ. ಆದ್ದರಿಂದ 100ನ್ನು 1.18ರಿಂದ ಭಾಗಿಸಬೇಕು. ಬರುವ ಉತ್ತರ 84.75. ಅಂದರೆ ತೆರಿಗೆ 15 ರೂಪಾಯಿ 25 ಪೈಸೆ. ಅದರ ಮೇಲೆ ಕಂಪನಿಯವರು 3 ರೂಪಾಯಿ ಸಂಸ್ಕರಣಾ ಶುಲ್ಕ ಹಿಡಿಯುತ್ತಾರೆ. 84.75ರಲ್ಲಿ 3 ಕಳೆದರೆ 81.75. ಲೆಕ್ಕ ಸರಿಹೋಯಿತು. ಇಲ್ಲಿ ಜಗಳವಾಡುವುದಕ್ಕೆ ಏನೂ ಇಲ್ಲ.

ಇನ್ನೊಂದು ಲೆಕ್ಕ. 'ತಿಂಗಳ ಪ್ಯಾಕು' ಎಂದು ನಾವು ಕರೆಯುವ ಎಷ್ಟೋ ಪ್ಯಾಕುಗಳ ಅವಧಿ 28 ದಿನ. ವರ್ಷಕ್ಕೆ 365 ದಿನ. 28ನ್ನು 13ರಿಂದ ಗುಣಿಸಿದರೆ 364. ಅಂದರೆ ವರ್ಷಕ್ಕೆ ಹನ್ನೆರಡು ಸಲವಲ್ಲ, ಹದಿಮೂರು ಸಲ ಹಣ ಹಾಕಿಸುತ್ತೀರಿ. ಪ್ಯಾಕಿನ ಬೆಲೆ 200 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 2,400 ಅಲ್ಲ, 2,600. ಅವಧಿಯನ್ನು ಮೊದಲೇ ತಿಳಿಸಿರುವುದರಿಂದ ಇದು ಕಾನೂನಿಗೆ ವಿರುದ್ಧವಲ್ಲ. ಆದರೂ ಗ್ರಾಹಕರಿಂದ ದೂರುಗಳು ಬಂದುದರಿಂದ ಟ್ರಾಯ್ 2022ರ ಜನವರಿಯಲ್ಲಿ ಒಂದು ಆದೇಶ ಹೊರಡಿಸಿತು: ಪ್ರತಿ ಕಂಪನಿಯೂ 30 ದಿನ ಅವಧಿಯ ಪ್ಯಾಕನ್ನೂ, ಪ್ರತಿ ತಿಂಗಳೂ ಅದೇ ತಾರೀಖಿಗೆ ನವೀಕರಿಸುವಂಥ ಪ್ಯಾಕನ್ನೂ ಕನಿಷ್ಠ ಒಂದೊಂದಾದರೂ ಇಟ್ಟಿರಬೇಕು. ಹಾಗೆಯೇ 2024ರ ಡಿಸೆಂಬರಿನಲ್ಲಿ, ಡೇಟಾ ಬೇಡದವರಿಗಾಗಿ ಕೇವಲ ಕರೆ ಮತ್ತು ಎಸ್ಸೆಮ್ಮೆಸ್ ಇರುವ ವೋಚರುಗಳೂ ಇರಬೇಕೆಂದು ಹೇಳಿತು. ಬಟನ್ ಫೋನು ಬಳಸುವ ನಿಮ್ಮ ಅಜ್ಜ ಅಜ್ಜಿಯರಿಗೆ ಇದು ಉಪಯೋಗದ ಸಂಗತಿ. ಅಂಗಡಿಯಲ್ಲಿ ಕೇಳಿ ಪಡೆಯಿರಿ.

ಕಣ್ಣಿಡಬೇಕಾದ ಜಾಗಗಳು

ಪೋಸ್ಟ್‌ಪೇಯ್ಡ್ ಬಿಲ್ಲು ಬರುವ ಮನೆಯಾದರೆ, ಒಟ್ಟು ಮೊತ್ತವನ್ನು ನೋಡಿ ಮಡಚಿಡಬೇಡಿ. ಹಿಂದಿನ ಮೂರು ಬಿಲ್ಲುಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಿ. ಮೊದಲು ತಿಂಗಳ ಬಾಡಿಗೆ ನಿಮ್ಮ ಪ್ಲಾನಿನದೇ ಹೌದೇ ನೋಡಿ. ನಂತರ ಬಳಕೆಯ ಹಣ. ಪ್ಲಾನಿನಲ್ಲಿ ಕರೆಗಳು ಉಚಿತವೆಂದಿದ್ದರೆ ಇಲ್ಲಿ ಏನಿದೆ? ವಿದೇಶದ ಕರೆಯೇ, ರೋಮಿಂಗೇ, ಐದಂಕಿಯ ಸಂಖ್ಯೆಗೆ ಕಳಿಸಿದ ಎಸ್ಸೆಮ್ಮೆಸ್ಸೇ? ಟಿ.ವಿ. ಸ್ಪರ್ಧೆಗಳಿಗೆ ಮತ ಹಾಕಲು ಕಳಿಸುವ ಎಸ್ಸೆಮ್ಮೆಸ್ಸುಗಳ ದರ ಸಾಮಾನ್ಯ ದರಕ್ಕಿಂತ ಹೆಚ್ಚಿರುತ್ತದೆಂಬುದನ್ನು, ಟಿ.ವಿ.ಯವನಾದ ನಾನೇ ನಿಮಗೆ ಹೇಳಬೇಕು. ಆಮೇಲೆ 'ಮೌಲ್ಯವರ್ಧಿತ ಸೇವೆ' ಎಂಬ ಸಾಲು. ಹೆಚ್ಚು ಎಚ್ಚರ ಬೇಕಾದುದು ಇಲ್ಲಿ. ಅದರ ಕೆಳಗೆ 'ಇತರೆ ಶುಲ್ಕ' ಎಂದು ಒಂದೇ ಮಾತಿನಲ್ಲಿ ಮುಗಿಸಿದ ಸಾಲು ಇದ್ದರೆ, ಅದು ಏನೆಂದು ಕೇಳುವ ಹಕ್ಕು ನಿಮಗಿದೆ. ಕೊನೆಗೆ ಹಿಂದಿನ ಬಾಕಿ. ನೀವು ಕಟ್ಟಿದ ಹಣ ಜಮಾ ಆಗಿದೆಯೇ? ತಡವಾಗಿ ಕಟ್ಟಿದ ದಂಡ ಹಾಕಿದ್ದರೆ ರಸೀದಿಯ ತಾರೀಖಿನೊಡನೆ ಹೋಲಿಸಿ.

ಪ್ರೀಪೇಯ್ಡ್ ಗ್ರಾಹಕರಿಗೆ ಬಿಲ್ಲೇ ಬರುವುದಿಲ್ಲ. ಮುಂಚಿತವಾಗಿ ಹಣ ಕೊಟ್ಟವರಿಗೆ ಲೆಕ್ಕವೇ ಇಲ್ಲ ಎಂದಾಯಿತಲ್ಲ! ಆದರೆ ಅವರೂ ವಿವರವಾದ ಲೆಕ್ಕಪಟ್ಟಿ ಕೇಳಿ ಪಡೆಯಬಹುದು ಎಂದು 2012ರ ಗ್ರಾಹಕ ಸಂರಕ್ಷಣಾ ನಿಯಮಾವಳಿ ಹೇಳುತ್ತದೆ. ಹಿಂದಿನ ಆರು ತಿಂಗಳೊಳಗಿನ ಲೆಕ್ಕವನ್ನು ಕೇಳಬಹುದು, ಅದಕ್ಕೆ ಕಂಪನಿ 50 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲದ ಹಕ್ಕು.

ಕಾಲರ್ ಟ್ಯೂನಿನ ಕತೆ

ಈ ವಿಷಯ ನನ್ನ ಮನೆಗೇ ಬಂದುದನ್ನು ಹೇಳುತ್ತೇನೆ. ಊರಿನಲ್ಲಿರುವ ನನ್ನ ತಾಯಿ ಒಂದು ದಿನ ಫೋನಿನಲ್ಲಿ, "ಅಲ್ಲಪ್ಪಾ, ನಾನು ಯಾರಿಗೂ ಫೋನೇ ಮಾಡಲಿಲ್ಲ. ಹಾಕಿಸಿದ ದುಡ್ಡು ಅದು ಹೇಗೆ ಖಾಲಿಯಾಗುತ್ತೆ?" ಎಂದು ಕೇಳಿದರು. ಅಂಗಡಿಯವನು ಮೋಸ ಮಾಡಿದ್ದಾನೆಂದು ಅವರ ಅನುಮಾನ. ಅಂಗಡಿಯವನದು ತಪ್ಪಿರಲಿಲ್ಲ. ನಾನು ಅವರಿಗೆ ಫೋನು ಮಾಡಿದಾಗಲೆಲ್ಲ ಒಂದು ಸಿನಿಮಾ ಹಾಡು ಕೇಳಿಸುತ್ತಿತ್ತು. 'ಅಮ್ಮನಿಗೆ ಈಗ ಹಾಡಿನ ಹುಚ್ಚು' ಎಂದು ನಾವೆಲ್ಲ ನಕ್ಕಿದ್ದೆವು. ಫೋನು ಮಾಡಿದವರಿಗೆಲ್ಲ ಆ ಹಾಡು ಕೇಳುತ್ತಿತ್ತು. ಅದಕ್ಕೆ ತಿಂಗಳಿಗೆ ಮೂವತ್ತು ರೂಪಾಯಿ ತೆರುತ್ತಿದ್ದ ಅಮ್ಮನೊಬ್ಬರಿಗೆ ಮಾತ್ರ ಕೇಳುತ್ತಿರಲಿಲ್ಲ. ತಮ್ಮ ಫೋನಿನಲ್ಲಿ ಅಂಥದೊಂದು ಇದೆಯೆಂದೇ ಅವರಿಗೆ ತಿಳಿದಿರಲಿಲ್ಲ. ತಿಳಿಸುವ ಎಸ್ಸೆಮ್ಮೆಸ್ಸು ಇಂಗ್ಲಿಷಿನಲ್ಲಿ ಬಂದಿತ್ತು.

ಇದು ಹೇಗಾಗುತ್ತದೆ? ಜ್ಯೋತಿಷ್ಯ, ಹಾಡು, ಆಟ, ಕ್ರಿಕೆಟ್ ಸುದ್ದಿ ಮುಂತಾದ ಸೇವೆಗಳನ್ನು ಅನೇಕ ವೇಳೆ ಬೇರೆ ಸಂಸ್ಥೆಗಳು ಒದಗಿಸುತ್ತವೆ. ಮೊಬೈಲ್ ಕಂಪನಿ ನಿಮ್ಮ ಖಾತೆಯಿಂದ ಹಣ ಕಡಿದು ಅವರೊಡನೆ ಹಂಚಿಕೊಳ್ಳುತ್ತದೆ. ಧ್ವನಿಮುದ್ರಿತ ಕರೆಯೊಂದು ಬಂದು 'ಒಂದನ್ನು ಒತ್ತಿ' ಎನ್ನುತ್ತದೆ. ಪರದೆಯ ಮೇಲೆ ಜಾಹೀರಾತು ಮೂಡಿದಾಗ ಅದನ್ನು ಮುಚ್ಚಲು ಹೋಗಿ ಬೆರಳು ಬೇರೆ ಕಡೆ ತಗಲುತ್ತದೆ. ಸೇವೆ ಶುರುವಾಗುತ್ತದೆ, ತಿಂಗಳು ತಿಂಗಳೂ ತಾನಾಗಿಯೇ ನವೀಕರಣಗೊಳ್ಳುತ್ತದೆ. ಒಬ್ಬರಿಂದ ದಿನಕ್ಕೆ ಒಂದು ರೂಪಾಯಿ ಎಂದರೆ ಯಾರೂ ಕೇಳುವುದಿಲ್ಲ. ಆದರೆ ಹಾಗೆ ಸುಮ್ಮನಿರುವವರು ಹತ್ತು ಲಕ್ಷ ಜನರಾದರೆ ದಿನಕ್ಕೆ ಹತ್ತು ಲಕ್ಷ ರೂಪಾಯಿ! ಮೊತ್ತ ಚಿಕ್ಕದಾಗಿರುವುದೇ ಇದರ ಬಲ.

ಇದನ್ನು ತಡೆಯಲು ಟ್ರಾಯ್ 2011 ಮತ್ತು 2013ರಲ್ಲಿ ನಿರ್ದೇಶನಗಳನ್ನು ಕೊಟ್ಟಿತು. ಸೇವೆಗೆ ಗ್ರಾಹಕರು ಒಪ್ಪಿದರೂ ಸಾಲದು. ದರ ಮತ್ತು ಅವಧಿಯನ್ನು ತಿಳಿಸಿ ಎರಡನೆಯ ಸಲ ಖಚಿತ ಒಪ್ಪಿಗೆ ಪಡೆದ ಮೇಲೆಯೇ ಹಣ ಕಡಿಯಬೇಕು. ನಿಮ್ಮ ಸಂಖ್ಯೆಯಲ್ಲಿ ಯಾವ ಸೇವೆಗಳಿವೆ ಎಂದು ತಿಳಿಯಲು, ಬೇಡದ್ದನ್ನು ನಿಲ್ಲಿಸಲು 155223 ಎಂಬ ಶುಲ್ಕರಹಿತ ಸಂಖ್ಯೆ ಇದೆ. 'ನಾವು 1909ಕ್ಕೆ ಹೇಳಿ ಜಾಹೀರಾತು ನಿಲ್ಲಿಸಿದ್ದೇವೆ, ಅಷ್ಟು ಸಾಲದೇ?' ಎಂದು ಕೇಳುವವರುಂಟು. ಸಾಲದು. 1909 ಪ್ರಚಾರದ ಕರೆಗಳಿಗೆ ತಡೆ, ಈಗಾಗಲೇ ಅಂಟಿಕೊಂಡಿರುವ ಸೇವೆಗಲ್ಲ.

ಅಮ್ಮನ ವಿಷಯದಲ್ಲಿ ನಾನು ದೂರು ಕೊಟ್ಟೆ. 'ನೀವೇ ಗುಂಡಿ ಒತ್ತಿರಬೇಕು' ಎಂಬ ಉತ್ತರ ಬಂತು. "ಎರಡನೆಯ ಒಪ್ಪಿಗೆಯ ದಾಖಲೆ ಕಳಿಸಿ" ಎಂದು ಕೇಳಿದೆ. ದಾಖಲೆ ಬರಲಿಲ್ಲ, ಎರಡು ತಿಂಗಳ 60 ರೂಪಾಯಿ ಮರಳಿ ಬಂತು. ಕೋಪದ ಮಾತಿನಿಂದ ಆಗದ ಕೆಲಸ ಆ ಒಂದು ಪ್ರಶ್ನೆಯಿಂದ ಆಯಿತು.

ದೂರು ಕೊಡುವ ಕ್ರಮ

ಮೊದಲ ಮೆಟ್ಟಿಲು ಕಂಪನಿಯ ದೂರು ಕೇಂದ್ರ. ನಿಮ್ಮ ಮೊಬೈಲಿನಿಂದಲೇ 198ಕ್ಕೆ ಕರೆ ಮಾಡಬಹುದು. ಕನ್ನಡದಲ್ಲಿ ಮಾತನಾಡುವವರು ಬೇಕೆಂದು ಕೇಳಿ. ಮಾತು ಮುಗಿಸುವ ಮೊದಲು ದೂರಿನ ಸಂಖ್ಯೆ, ಅಂದರೆ 'ಡಾಕೆಟ್ ನಂಬರ್', ಪಡೆಯಲೇಬೇಕು. 2012ರ ದೂರು ಪರಿಹಾರ ನಿಯಮಾವಳಿಯ ಪ್ರಕಾರ ಅದನ್ನು ಕೊಡುವುದು ಕಂಪನಿಯ ಕರ್ತವ್ಯ. ಆ ಸಂಖ್ಯೆ ಇಲ್ಲದ ದೂರು, ದೂರೇ ಅಲ್ಲ. ತಾರೀಖು, ಸಮಯ, ಮಾತನಾಡಿದವರ ಹೆಸರು, ಅವರು ಹೇಳಿದ ಉತ್ತರ, ಇಷ್ಟನ್ನು ನೋಟುಪುಸ್ತಕದಲ್ಲಿ ಬರೆದಿಡಿ. ಎಸ್ಸೆಮ್ಮೆಸ್ಸುಗಳನ್ನು ಅಳಿಸಬೇಡಿ.

ಬರವಣಿಗೆಯಲ್ಲಿಯೂ ಒಂದು ದೂರು ಇರಲಿ. ಅದು ಉದ್ದವಿರಬೇಕಾಗಿಲ್ಲ. ಹೀಗಿದ್ದರೆ ಸಾಕು:

"ನನ್ನ ಮೊಬೈಲ್ ಸಂಖ್ಯೆ ಇಂಥದು. ಇಂಥ ತಾರೀಖಿನಂದು ನನ್ನ ಖಾತೆಯಿಂದ 30 ರೂಪಾಯಿಯನ್ನು ಇಂಥ ಸೇವೆಗೆಂದು ಕಡಿಯಲಾಗಿದೆ. ಈ ಸೇವೆಯನ್ನು ನಾನು ಕೇಳಿಲ್ಲ. ನಾನು ಒಪ್ಪಿಗೆ ಕೊಟ್ಟಿದ್ದೇನೆಂದು ನೀವು ಹೇಳುವುದಾದರೆ ಅದರ ದಾಖಲೆಯನ್ನು ಕಳಿಸಿ. ಇಲ್ಲವಾದರೆ ಸೇವೆಯನ್ನು ನಿಲ್ಲಿಸಿ, ಹಣವನ್ನು ಖಾತೆಗೆ ಮರಳಿ ಜಮಾ ಮಾಡಿ."

ಗಮನಿಸಿ, ಇದರಲ್ಲಿ ಬೈಗುಳವಿಲ್ಲ, ಅಳಲಿಲ್ಲ. ಯಾವ ಸಂಖ್ಯೆ, ಯಾವ ದಿನ, ಎಷ್ಟು ಹಣ, ಏಕೆ ತಪ್ಪು, ಏನು ಬೇಕು, ಈ ಐದು ಸಂಗತಿಗಳಿವೆ. ವಿಜ್ಞಾನದ ಪ್ರಯೋಗದ ವರದಿ ಬರೆದ ಹಾಗೆ ಬರೆಯಿರಿ. ದೂರನ್ನು ಹಣ ಕಡಿದ ದಿನವೇ ಕೊಟ್ಟರೆ ಇನ್ನೂ ಒಳ್ಳೆಯದು. ತಡವಾದಷ್ಟೂ 'ಇಷ್ಟು ದಿನ ಸೇವೆ ಬಳಸಿದ್ದೀರಿ' ಎಂಬ ಮಾತಿಗೆ ಎಡೆಯಾಗುತ್ತದೆ.

ಪೋಸ್ಟ್‌ಪೇಯ್ಡ್ ಬಿಲ್ಲಿನ ಒಂದು ಭಾಗ ಮಾತ್ರ ತಪ್ಪಾಗಿದ್ದರೆ, ಕೋಪದಿಂದ ಇಡೀ ಬಿಲ್ಲನ್ನೇ ಕಟ್ಟದೆ ಬಿಡಬೇಡಿ. ಹೊರಹೋಗುವ ಕರೆ ನಿಲ್ಲಬಹುದು, ದಂಡ ಬೀಳಬಹುದು. ಬಾಕಿ ಇದೆಯೆಂದರೆ ಅದೇ ಸಂಖ್ಯೆಯನ್ನು ಇಟ್ಟುಕೊಂಡು ಬೇರೆ ಕಂಪನಿಗೆ ಹೋಗುವ ಅವಕಾಶಕ್ಕೂ ಅಡ್ಡಿಯಾಗುತ್ತದೆ. ಒಪ್ಪುವ ಮೊತ್ತವನ್ನು ಕಟ್ಟಿ, ಒಪ್ಪದ ಮೊತ್ತವನ್ನು ದೂರು ತೀರ್ಮಾನವಾಗುವವರೆಗೆ ಬೇರೆಯಿಡಿ ಎಂದು ಬರೆದು ಕೇಳುವುದು ಜಾಣತನ.

ಉತ್ತರ ತೃಪ್ತಿಕರವಾಗಿಲ್ಲದಿದ್ದರೆ, ಅಥವಾ ಅವಧಿಯೊಳಗೆ ಉತ್ತರವೇ ಬಾರದಿದ್ದರೆ, ಎರಡನೆಯ ಮೆಟ್ಟಿಲು ಕಂಪನಿಯದೇ ಮೇಲ್ಮನವಿ ಪ್ರಾಧಿಕಾರ. 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಶುಲ್ಕವಿಲ್ಲ. 39 ದಿನಗಳೊಳಗೆ ಅದು ತೀರ್ಮಾನವಾಗಬೇಕು. ಇಲ್ಲಿ ಡಾಕೆಟ್ ನಂಬರ್ ಇಲ್ಲದಿದ್ದರೆ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು. ಟ್ರಾಯ್‌ಗೇ ನೇರವಾಗಿ ಬರೆದರಾಯಿತು ಎಂದು ಕೆಲವರು ತಿಳಿಯುತ್ತಾರೆ. ಟ್ರಾಯ್ ನಿಯಮ ಮಾಡುವ ಸಂಸ್ಥೆ, ಒಬ್ಬೊಬ್ಬ ಗ್ರಾಹಕರ ದೂರನ್ನು ಅದು ವಿಚಾರಣೆ ಮಾಡುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಸಲಹೆ ಪಡೆಯಬಹುದು.

555 ರೂಪಾಯಿ ಮತ್ತು 24,609 ರೂಪಾಯಿ

ಮೂರನೆಯ ಮೆಟ್ಟಿಲಿನ ಮಾತಿಗೆ ಮುಂಚೆ ಒಂದು ನಿಜವಾದ ಮೊಕದ್ದಮೆಯನ್ನು ನೀವು ತಿಳಿಯಬೇಕು. ಗುಜರಾತಿನ ಅಹಮದಾಬಾದಿನ ಒಬ್ಬ ಗ್ರಾಹಕರು. ಅವರ ಮೊಬೈಲ್ ಬಿಲ್ಲು ಸರಾಸರಿ ತಿಂಗಳಿಗೆ 555 ರೂಪಾಯಿ. 2013ರ ನವೆಂಬರ್ 8ರಿಂದ ಡಿಸೆಂಬರ್ 7ರವರೆಗಿನ ಒಂದು ತಿಂಗಳಿಗೆ ಬಂದ ಬಿಲ್ಲು 24,609 ರೂಪಾಯಿ 51 ಪೈಸೆ. ಭಾಗಿಸಿ ನೋಡಿ, ನಲವತ್ತನಾಲ್ಕು ಪಟ್ಟಿಗೂ ಹೆಚ್ಚು!

ಅವರು 2014ರಲ್ಲಿ ಜಿಲ್ಲಾ ಗ್ರಾಹಕ ವೇದಿಕೆಗೆ ದೂರು ಕೊಟ್ಟರು. ಕಂಪನಿ, ಬಿಲ್ಲು ಸರಿಯೋ ತಪ್ಪೋ ಎಂಬ ಪ್ರಶ್ನೆಗೆ ಹೋಗುವ ಮೊದಲೇ, ಈ ವೇದಿಕೆಗೆ ಇದನ್ನು ಕೇಳುವ ಅಧಿಕಾರವೇ ಇಲ್ಲ ಎಂದು ವಾದಿಸಿತು. ಅದಕ್ಕೆ ಆಧಾರ 1885ರ ಟೆಲಿಗ್ರಾಫ್ ಕಾಯಿದೆಯ 7-ಬಿ ಎಂಬ ಕಲಮು. ದೂರವಾಣಿಯ ತಕರಾರುಗಳು ಮಧ್ಯಸ್ಥಿಕೆಗೆ ಹೋಗಬೇಕು ಎಂದು ಅದು ಹೇಳುತ್ತಿತ್ತು. 2009ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹಾಗೆ ತೀರ್ಪು ಕೊಟ್ಟಿದ್ದುದರಿಂದ ಕಂಪನಿಯ ವಾದಕ್ಕೆ ಬಲವೂ ಇತ್ತು. ಪ್ರಶ್ನೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು.

2022ರ ಫೆಬ್ರವರಿ 16ರಂದು ತೀರ್ಪು ಬಂತು. ದೂರಸಂಪರ್ಕ ಸೇವೆಯೂ ಗ್ರಾಹಕ ಸಂರಕ್ಷಣಾ ಕಾಯಿದೆಯ ಅರ್ಥದಲ್ಲಿ 'ಸೇವೆ'ಯೇ. ಗ್ರಾಹಕರು ಮಧ್ಯಸ್ಥಿಕೆಗೆ ಹೋಗಬಹುದು, ಆದರೆ ಹೋಗಲೇಬೇಕೆಂಬ ಕಟ್ಟಾಯವಿಲ್ಲ. ಗ್ರಾಹಕ ವೇದಿಕೆಯ ಬಾಗಿಲು ಅವರಿಗೆ ಮುಚ್ಚಿಲ್ಲ ಎಂದು ನ್ಯಾಯಾಲಯ ಹೇಳಿತು. ಆ ಬಿಲ್ಲು ಸರಿಯೇ ತಪ್ಪೇ ಎಂದು ಅಲ್ಲಿ ತೀರ್ಮಾನವಾಗಲಿಲ್ಲ ಎಂಬುದನ್ನು ಮರೆಯಬಾರದು. ತೀರ್ಮಾನವಾದುದು ಕೇಳುವ ಹಕ್ಕು. ಒಬ್ಬರು ಬಿಲ್ಲನ್ನು ಓದಿ ತಕರಾರು ಮಾಡಿದರು. ಎಂಟು ವರ್ಷಗಳ ನಂತರ ಆ ಹಕ್ಕು ದೇಶದ ಎಲ್ಲ ಮೊಬೈಲ್ ಗ್ರಾಹಕರದಾಯಿತು. ಟೆಲಿಗ್ರಾಫ್ ಕಾಯಿದೆಯ ಜಾಗಕ್ಕೆ ಬಂದಿರುವ 2023ರ ದೂರಸಂಪರ್ಕ ಕಾಯಿದೆಯೂ ಈ ಹಕ್ಕನ್ನು ಉಳಿಸಿದೆ.

ಆದ್ದರಿಂದ ಮೂರನೆಯ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. ನೀವು ವಾಸವಾಗಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ. ಘಟನೆ ನಡೆದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಆಗ ನಿಮ್ಮ ಕೈಯಲ್ಲಿ ಏನಿರಬೇಕು? ಹಳೆಯ ಬಿಲ್ಲುಗಳು, ಡಾಕೆಟ್ ನಂಬರ್, ತಾರೀಖು ಬರೆದ ನೋಟುಪುಸ್ತಕ. ಸರಾಸರಿ 555 ಎಂದು ತೋರಿಸಲು ಹಿಂದಿನ ತಿಂಗಳುಗಳ ಲೆಕ್ಕ ಬೇಕೇ ಬೇಕಲ್ಲವೇ?

ಒಂದು ಎಚ್ಚರಿಕೆ

ಹಣ ಮರಳಿ ಪಡೆಯುವ ಆತುರದಲ್ಲಿ ಇನ್ನೊಂದು ಹಳ್ಳಕ್ಕೆ ಬೀಳಬೇಡಿ. ಕಂಪನಿಯ ಸಹಾಯವಾಣಿಯ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕಿದರೆ ಕಳ್ಳರು ಹಾಕಿದ ಸಂಖ್ಯೆಗಳೂ ಸಿಗುತ್ತವೆ. ಬಿಲ್ಲಿನ ಮೇಲಿರುವ ಅಥವಾ ಕಂಪನಿಯ ಸ್ವಂತ ಆ್ಯಪಿನಲ್ಲಿರುವ ಸಂಖ್ಯೆಯನ್ನೇ ಬಳಸಿ. 'ಹಣ ವಾಪಸು ಹಾಕುತ್ತೇವೆ, ಬಂದ ಒ.ಟಿ.ಪಿ. ಹೇಳಿ' ಎಂದು ಯಾರಾದರೂ ಕೇಳಿದರೆ ಫೋನನ್ನು ಇಟ್ಟುಬಿಡಿ. ಜಮಾ ಮಾಡಲು ಯಾವ ಕಂಪನಿಗೂ ನಿಮ್ಮ ಒ.ಟಿ.ಪಿ. ಬೇಕಾಗಿಲ್ಲ. ಮೋಸವಾಗಿದ್ದರೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ.

ನಿಮಗೊಂದು ಕೆಲಸ

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯಲ್ಲಿ ಮೊಬೈಲನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ನೀವೇ. ಅಜ್ಜಿಗೆ ಬಂದ ಇಂಗ್ಲಿಷ್ ಎಸ್ಸೆಮ್ಮೆಸ್ಸನ್ನು ಓದಬಲ್ಲವರೂ ನೀವೇ. ಈ ಭಾನುವಾರ ಮನೆಯ ಎಲ್ಲ ಫೋನುಗಳನ್ನೂ ಒಂದೆಡೆ ಇಟ್ಟುಕೊಳ್ಳಿ. ಒಂದೊಂದರಿಂದಲೂ 155223ಕ್ಕೆ ಕರೆ ಮಾಡಿ, ಯಾವ ಸೇವೆಗಳಿವೆ ಕೇಳಿ. ರೀಚಾರ್ಜ್ ಮಾಡಿಸಿದ ತಾರೀಖು, ಮೊತ್ತ, ಮುಗಿಯುವ ದಿನ, ಈ ಮೂರನ್ನು ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಬರೆಯಿರಿ. ನಿಮ್ಮ ಬೀದಿಯಲ್ಲಿ ಓದು ಬಾರದ ಹಿರಿಯರಿದ್ದರೆ ಅವರ ಫೋನನ್ನೂ ನೋಡಿಕೊಡಿ.

ಅರವತ್ತು ರೂಪಾಯಿ ಮರಳಿ ಬಂದಾಗ ನನ್ನ ತಾಯಿ, "ಇಷ್ಟಕ್ಕೆ ಅಷ್ಟೊಂದು ಓಡಾಡಿದೆಯಾ?" ಎಂದು ಕೇಳಿದರು. ಒಂದು ಕ್ಷಣ ಸುಮ್ಮನಿದ್ದು, "ನಿಮ್ಮಪ್ಪನೂ ಹಾಗೇ. ಹಾಲಿನವನ ಹತ್ತಿರ ನಾಲ್ಕಾಣೆ ಬಿಡುತ್ತಿರಲಿಲ್ಲ. ಆದರೆ ನಾಲ್ಕಾಣೆ ಹೆಚ್ಚಿಗೆ ಬಂದಿದ್ದರೆ ತಾನೇ ಹೋಗಿ ಕೊಟ್ಟು ಬರುತ್ತಿದ್ದರು" ಎಂದರು.

ಲೆಕ್ಕ ಎಂದರೆ ಅದೇ.